ಬಾಯಮ್ಮನ ಬೆಕ್ಕಿನ ಪಥ್ಯ

ನಾವಿರುವ ಅಬುಧಾಬಿಯ ಈ ಕಟ್ಟಡದಲ್ಲಿ ಮೇಲಿನ ಮಹಡಿಗೆ ಹೊಸದಾಗಿ ಒಂದು ಸಂಸಾರ ಬಂದಿದೆ. ಮನೆಯಲ್ಲಿ ಪುಟ್ಟ ಮಗು. ಮೊನ್ನೆ ನಾನಿದ್ದ ಲಿಫ್ಟು ತಪ್ಪಿ ಆ ಮಹಡಿಯಲ್ಲಿ ನಿಂತು ಬಾಗಿಲು ತೆರೆದಾಗ, ಉಪ್ಪು ಅರಿಶಿನ ಏನೂ ಹಾಕದೆ ಕೋಳಿ ಬೇಯಿಸುತ್ತಿದ್ದ ವಾಸನೆ ಒಳಗೆ ಬಂತು. ಒದ್ದೆ ಉಣ್ಣೆಯಂಥ, ಸಪ್ಪೆ ಹಬೆ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವವರೆಗೂ ನಾನು ಗುಂಡಿ ಒತ್ತಲಿಲ್ಲ. ದುಬೈಯ ಕರಾಮದಲ್ಲಿದ್ದ ಆ ಇಕ್ಕಟ್ಟಾದ ಅಡುಗೆಮನೆ, ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತ ಬಾಯಮ್ಮ...

ದುಬೈಗೆ ಮೆಟ್ರೊ ಬಂದು ನಾಲ್ಕೈದು ವರ್ಷವಾಗಿತ್ತು. ಗಂಡ ಹೋಟೆಲಿನಲ್ಲಿ, ನಾನು ಶಾಲೆಯಲ್ಲಿ ಕೆಲಸಕ್ಕಿದ್ದೆವು. ಕರಾಮದ ಎರಡು ಕೋಣೆಯ ಫ್ಲಾಟಿನಲ್ಲಿ ಒಂದು ಕೋಣೆ ನಮ್ಮದು, ಇನ್ನೊಂದು ಬಾಯಮ್ಮನದು. ಫ್ಲಾಟು ಇದ್ದದ್ದು ಅವರ ಹೆಸರಿನಲ್ಲಿ. ಮೂಡಬಿದಿರೆ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ಹಿರಿಯ ನರ್ಸು, ಐವತ್ತು ದಾಟಿದ ಒಂಟಿ ಹೆಂಗಸು. ಯಾವುದನ್ನೂ ಎರಡು ಸಲ ಪರೀಕ್ಷಿಸದೆ ಒಪ್ಪುವವರಲ್ಲ. ಮುಚ್ಚಿದ ಗ್ಯಾಸನ್ನು ಮತ್ತೆ ತಿರುಗಿಸಿ ನೋಡುತ್ತಿದ್ದರು. ನಾನು ತೊಳೆದ ಲೋಟವನ್ನು ಬೆಳಕಿಗೆ ಹಿಡಿಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಹೇಳುವ ಹಾಗಿರಲಿಲ್ಲ.

ಅವರಿಗೊಂದು ಗಂಡು ಬೆಕ್ಕಿತ್ತು, ತಾಂಬ್ಡು. ಅಂದರೆ ಕೊಂಕಣಿಯಲ್ಲಿ ಕೆಂಪ. ಕಟ್ಟಡದ ಹಿಂದಿನ ಕಸದ ಡಬ್ಬದಿಂದ ಎತ್ತಿಕೊಂಡು ಬಂದದ್ದಾದರೂ ನಾಲಿಗೆ ಮಾತ್ರ ಅರಮನೆಯದು. ಆ ವರ್ಷ ಅದಕ್ಕೆ ಮೂತ್ರ ಕಟ್ಟಿತು. ಹರಳು ಸೇರಿಕೊಂಡಿದೆ, ಇನ್ನು ಮುಂದೆ ಈ ಡಬ್ಬಿಯ ಮೆತ್ತನೆಯ ಆಹಾರ ಮಾತ್ರ, ನೀರು ಹೆಚ್ಚು ಹೋಗಬೇಕು, ಮೀನು ಬೇಡ, ಉಪ್ಪಂತೂ ಬೇಡವೇ ಬೇಡ ಎಂದರಂತೆ ಪ್ರಾಣಿವೈದ್ಯರು. ಮತ್ತೊಮ್ಮೆ ಕಟ್ಟಿದರೆ ಉಳಿಯುವುದು ಕಷ್ಟ ಎಂದೂ ಹೇಳಿದ್ದರು.

ತಾಂಬ್ಡು ಆ ಡಬ್ಬಿಯದನ್ನು ಮೂಸಿ ನೋಡಿ, ಹೇಸಿಗೆಯನ್ನು ಮಣ್ಣಲ್ಲಿ ಮುಚ್ಚುವ ಹಾಗೆ ತಟ್ಟೆಯ ಸುತ್ತ ನೆಲ ಕೆರೆದು ಹೊರಟುಹೋಗುತ್ತಿತ್ತು. ಬಾಯಮ್ಮ ಬಿಸಿ ಮಾಡಿ ಕೊಟ್ಟರು, ಅಗಲ ತಟ್ಟೆಯಲ್ಲಿ ಹರಡಿ ಕೊಟ್ಟರು, ಉಪ್ಪಿಲ್ಲದೆ ಕೋಳಿ ಬೇಯಿಸಿದ ಸಪ್ಪೆ ನೀರು ಸುರಿದು ಕೊಟ್ಟರು. ವೈದ್ಯರು ಒಪ್ಪಿದ ಬೇರೆ ಕಂಪನಿಯ ಡಬ್ಬಿಗಳನ್ನೂ ತಂದರು. ಭೂತಗನ್ನಡಿ ಹಿಡಿದು ಒಂದೊಂದರ ಲೇಬಲ್ಲನ್ನೂ ಓದುವರು. "ಮೀಟ್ ಅಂತ ಬರ್ದಿದ್ದಾರೆ. ಯಾವುದರ ಮೀಟ್ ಅಂತ ಯಾಕೆ ಬರೀಲಿಲ್ಲ?" ಎಂದು ನನ್ನನ್ನೇ ಕೇಳುವರು, ಬರೆದವಳು ನಾನೇ ಎಂಬಂತೆ.

ಆ ಹೊತ್ತಿಗೆ ನಮ್ಮ ಅತ್ತೆ ಕುಂದಾಪುರದಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ಮೂರು ತಿಂಗಳು ನಮ್ಮ ಕೋಣೆಯಲ್ಲೇ.

ಬಾಯಮ್ಮನಿಗೆ ಮೊದಲ ಅನುಮಾನ ಬಂದದ್ದು ಲಗೇಜು ತೂಗುವ ಕೊಕ್ಕೆ ತಕ್ಕಡಿಯಿಂದ. ಊರಿಗೆ ಹೋಗುವಾಗ ಪೆಟ್ಟಿಗೆ ತೂಗುವ ಆ ತಕ್ಕಡಿಗೆ ಬಟ್ಟೆಯ ಚೀಲ ಸಿಕ್ಕಿಸಿ, ಅದರೊಳಗೆ ತಾಂಬ್ಡುವನ್ನು ಕೂರಿಸಿ ವಾರಕ್ಕೆರಡು ಸಲ ತೂಗುತ್ತಿದ್ದರು. ಒಂದು ದಿನ ನನ್ನನ್ನು ಕರೆದು ತೋರಿಸಿದರು.

"ಹತ್ತು ದಿನದಿಂದ ಇದು ಸರಿಯಾಗಿ ತಿಂದಿಲ್ಲ. ತೂಕ ಇಳೀಲಿಲ್ಲ. ಎಂತ ಅರ್ಥ?"

"ನನಗೇನು ಗೊತ್ತು ಬಾಯಮ್ಮ?"

"ನೀನು ಮೀನು ಕೊಡ್ತಿಯಾ?"

"ಇಲ್ಲ."

ಅದು ನಿಜವಾಗಿತ್ತು. ಆದರೂ ಅವರು ನನ್ನ ಮುಖವನ್ನು ಲೇಬಲ್ ಓದಿದ ಹಾಗೆ ಓದಿದರು. ಅಂದಿನಿಂದ ಕಸದ ಚೀಲ ಹೊರಗಿಡುವ ಮೊದಲು ಬಿಚ್ಚಿ ನೋಡತೊಡಗಿದರು. ಬೆಕ್ಕಿನ ಬಾಯಿ ಮೂಸುವರು. ನಾನು ಬಂಗುಡೆ ಹುರಿದ ದಿನ ಮುಳ್ಳುಗಳನ್ನು ಎಣಿಸಿದರೇನೋ ಎಂದು ನನಗೂ ಅವರ ಮೇಲೆ ಅನುಮಾನ. ಬೇಕೆಂದೇ ಏನಾದರೂ ನೆವ ಹುಡುಕುತ್ತಿದ್ದಾರೆ, ನಮ್ಮನ್ನು ಕೋಣೆ ಬಿಡಿಸಲು ನೋಡುತ್ತಿದ್ದಾರೆ ಎಂದು ಗಂಡನ ಹತ್ತಿರ ದೂರಿದೆ.

ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ, ಅಡುಗೆಮನೆಯಿಂದ ಹಜಾರದವರೆಗೆ ನೆಲದ ಮೇಲೆ ತೆಳ್ಳಗೆ ಮೈದಾ ಹಿಟ್ಟು. ಬಾಯಮ್ಮ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಉದುರಿಸಿದ್ದರು. ಬೆಕ್ಕಿನ ಹೆಜ್ಜೆಗಳು ಸಾಲಾಗಿ ನಮ್ಮ ಕೋಣೆಯ ಬಾಗಿಲಿಗೆ ಹೋಗಿ ಒಳಗೆ ಮಾಯವಾಗಿದ್ದವು. ಅಷ್ಟರಲ್ಲಾಗಲೇ ಬಂದಿದ್ದ ಬಾಯಮ್ಮ ಅದನ್ನು ಗುಡಿಸದೆ, ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ನೋಡಿದ್ದನ್ನು ನೋಡಿ ಎದ್ದು ಒಳಗೆ ಹೋದರು.

ಕೋಣೆಯ ಬಾಗಿಲು ಹಾಕಿ ಅತ್ತೆಯನ್ನು ಕೇಳಿದೆ. ಅವರು ಮಂಚದ ಕೆಳಗಿನಿಂದ ಡಬ್ಬ ತೆಗೆದು ಮುಂದಿಟ್ಟರು. ಊರಿಂದ ನಮಗೆಂದು ತಂದ ಒಣ ಸಿಗಡಿ, ಅತ್ತೆಯ ಬಾಯಲ್ಲಿ ಚಟ್ಲಿ, ಅರ್ಧ ಖಾಲಿ.

"ಅದ್ ಬಾಗ್ಲ್ ಹತ್ರ ಬಂದ್ ಕೂಕಂತ್. ಇಡೀ ದಿನ ಈ ಮನಿಯಂಗೆ ನನ್ ಹತ್ರ ಮಾತಾಡುದ್ ಅದೊಂದೇ," ಎಂದರು.

ನಾವಿಬ್ಬರೂ ಬೆಳಿಗ್ಗೆ ಬಾಗಿಲು ಎಳೆದುಕೊಂಡು ಹೋದ ಮೇಲೆ ಅವರು ಏನು ಮಾಡುತ್ತಾರೆಂದು ನಾನು ಒಂದು ದಿನವೂ ಕೇಳಿರಲಿಲ್ಲ... ಬೆಕ್ಕಿನ ಕಾಯಿಲೆಯ ವಿಷಯವನ್ನೂ ಅವರಿಗೆ ಹೇಳಿರಲಿಲ್ಲ. ಹೇಳಿದೆ. ಅವರ ಮುಖ ಸಣ್ಣದಾಯಿತು. ಡಬ್ಬವನ್ನು ನಾನು ನಮ್ಮ ಕಪಾಟಿನೊಳಗಿಟ್ಟು ಬೀಗ ಹಾಕಿದೆ, ಹಿಟ್ಟು ಒರೆಸಿದೆ. ಬಾಯಮ್ಮನಿಗೆ ಹೇಳುವ ಅಗತ್ಯ ಕಾಣಲಿಲ್ಲ. ಇನ್ನು ಕೊಡುವುದಿಲ್ಲವಲ್ಲ, ಖಲಾಸ್, ಎಂದುಕೊಂಡೆ.

ನಾಲ್ಕನೇ ದಿನ, ಶುಕ್ರವಾರ ಮಧ್ಯಾಹ್ನ, ತಾಂಬ್ಡು ಮರಳಿನ ತಟ್ಟೆಯಲ್ಲಿ ಕೂತು ಕೂಗತೊಡಗಿತು. ಒಂದು ಹನಿಯೂ ಬರುತ್ತಿರಲಿಲ್ಲ. ಬಾಯಮ್ಮ ಅದನ್ನು ಬುಟ್ಟಿಗೆ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು.

"ಎಂತ ತಿಂದದೆ ಅಂತ ಡಾಕ್ಟರು ಕೇಳ್ತಾರೆ. ಗೊತ್ತಿದ್ರೆ ಹೇಳು ಮಾರಾಯ್ತಿ. ನಾನು ಜಗಳ ಮಾಡುದಿಲ್ಲ."

ಬುಟ್ಟಿಯೊಳಗಿನ ಕೂಗು ಕೇಳುತ್ತಲೇ ಇತ್ತು. ಕೋಣೆ ಹೋಗುತ್ತದೆ, ಅತ್ತೆಯ ಮರ್ಯಾದೆ ಹೋಗುತ್ತದೆ, ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ನನ್ನದೂ ಹೋಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ನನಗೆ ಗೊತ್ತಿಲ್ಲ ಬಾಯಮ್ಮ," ಎಂದೆ.

ಹಿಂದಿನಿಂದ ಅತ್ತೆ ನನ್ನನ್ನು ಸರಿಸಿ ಮುಂದೆ ಬಂದರು. "ನಾನೇ ಕೊಟ್ಟದ್ದ್. ಒಣ ಚಟ್ಲಿ. ದಿನಕ್ಕ್ ಒಂದ್ ಹಿಡಿ, ಹದ್ನೈದ್ ದಿನ. ಉಪ್ಪಿನದ್ದೇ. ಇವ್ಳಿಗ್ ಗೊತ್ತಾದ್ಮೇಲೆ ಕೊಡ್ಲಿಲ್ಲ."

ಬಾಯಮ್ಮ ಅತ್ತೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಅತ್ತೆಗೆ, "ಚಪ್ಪಲಿ ಹಾಕಿ, ಬನ್ನಿ. ಡಾಕ್ಟರಿಗೆ ನೀವೇ ಹೇಳ್ಬೇಕು," ಎಂದರು. ಇಬ್ಬರೂ ಟ್ಯಾಕ್ಸಿಯಲ್ಲಿ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ.

ತಾಂಬ್ಡು ಉಳಿಯಿತು. ಮೂರು ದಿನ ಆಸ್ಪತ್ರೆಯಲ್ಲಿತ್ತು, ಬಂದ ಮೇಲೂ ಅದೇ ಡಬ್ಬಿ, ಅದೇ ನೆಲ ಕೆರೆಯುವುದು. ಆಗ ಅತ್ತೆ ಅಡುಗೆಮನೆಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತರು. ಡಬ್ಬಿಯದನ್ನು ಬೆಚ್ಚಗಿನ ಕೋಳಿನೀರಿನಲ್ಲಿ ನಾದಿ, ಕೂಸಿಗೆ ತುತ್ತು ಕಟ್ಟಿದಂತೆ ಬೆರಳ ತುದಿಯಲ್ಲಿ ಹಿಡಿದು, ಕುಂದಾಪುರದ ಭಾಷೆಯಲ್ಲಿ ಏನೇನೋ ಹೇಳುತ್ತ ಕಾದರು. ಮೊದಲ ದಿನ ಎರಡು ತುತ್ತು ಹೋಯಿತು. ವಾರ ಕಳೆಯುವುದರಲ್ಲಿ ತಟ್ಟೆ ಖಾಲಿ. ಬಾಯಮ್ಮ ಪಕ್ಕದಲ್ಲಿ ಕೂತು ಕಲಿತುಕೊಂಡರು. ಅತ್ತೆಯ ವೀಸಾ ಮುಗಿಯುವವರೆಗೆ ಸಂಜೆಯ ಚಹಾ ಅವರಿಬ್ಬರದೂ ಒಟ್ಟಿಗೇ.

ನಮ್ಮನ್ನು ಕೋಣೆ ಬಿಡಿಸಲಿಲ್ಲ. ಜಗಳವೂ ಆಗಲಿಲ್ಲ. ಅತ್ತೆ ಊರಿಗೆ ಹೋದ ಮೇಲೆ, ಬೆಕ್ಕಿನ ಡಬ್ಬಿಗಳಿದ್ದ ಕಪಾಟಿಗೆ ಒಂದು ಸಣ್ಣ ಬೀಗ ಬಂತು. ಬಾಯಮ್ಮನಿಗೆ ದೀರ್ಘ ಡ್ಯೂಟಿ ಇದ್ದ ದಿನಗಳಲ್ಲಿ "ನಾನು ತಿನ್ನಿಸ್ತೇನೆ" ಎಂದರೆ, "ಬೇಡ, ಮಾಡಿಟ್ಟಿದ್ದೇನೆ" ಎನ್ನುವರು, ನಗುತ್ತಲೇ. ಎರಡು ವರ್ಷದ ನಂತರ ಗಂಡನಿಗೆ ಅಬುಧಾಬಿಗೆ ವರ್ಗವಾಗಿ ನಾವು ಹೊರಡುವಾಗಲೂ ಆ ಬೀಗ ಅಲ್ಲೇ ಇತ್ತು. ಅವರು ಸುಮ್ಮಸುಮ್ಮನೆ ಅನುಮಾನಪಡುವ ಹೆಂಗಸು ಎಂದು ನಾನು ಊರಿಗೆಲ್ಲ ಹೇಳಿದ್ದೆ...

ತಾಂಬ್ಡು ಇನ್ನೂ ಕೆಲವು ವರ್ಷ ಬದುಕಿತಂತೆ. ಬಾಯಮ್ಮ ನಿವೃತ್ತರಾಗಿ ಊರಿಗೆ ಹೋದರಂತೆ. ಈ "ಅಂತೆ"ಗಳೆಲ್ಲ ನನಗೆ ಗೊತ್ತಾದದ್ದು ಅತ್ತೆಯಿಂದ. ಅವರಿಬ್ಬರೂ ಭಾನುವಾರಗಳಂದು ಫೋನಿನಲ್ಲಿ ಮಾತಾಡುತ್ತಿದ್ದರು. ಕಳೆದ ವರ್ಷ ಬಾಯಮ್ಮ ತೀರಿಕೊಂಡರು. ಅತ್ತೆ ಮೊಣಕಾಲು ನೋವಿನಲ್ಲೂ ಎರಡು ಬಸ್ಸು ಬದಲಾಯಿಸಿ ಮಣ್ಣಿಗೆ ಹೋಗಿಬಂದರು.

ಲಿಫ್ಟಿನಿಂದ ಇಳಿದು ಮನೆಗೆ ಬಂದವಳು ಅತ್ತೆಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, ಕೊನೆಗೆ ಕೇಳಿದೆ: "ಬಾಯಮ್ಮ ಯಾವಾಗಾದರೂ ನನ್ನ ವಿಷಯ ಕೇಳ್ತಿದ್ರಾ?"

ಹೌದೆಂದು ಅತ್ತೆ ಒಂದು ಮಾತು ಹೇಳಿಬಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅದು ಅವರಿಗೂ ಗೊತ್ತಿತ್ತು.

"ಇಲ್ಲೆ ಮಗಾ," ಎಂದರು.