ಪಾತ್ರೆ ತೊಳೆಯಲು ಬಂದವಳು

ಆ ದಿನದ ಅಡುಗೆ ಮಾಡಿದ್ದು ಗಿರಿಜಾ. ನಾನಲ್ಲ, ನಾನು ಮಾರುತ್ತಿದ್ದ ಸ್ಟೀಲ್ ಪಾತ್ರೆಯೂ ಅಲ್ಲ. ಅಷ್ಟೂ ಹೆಂಗಸರ ಎದುರು ನಿಂತು ನಾನು ಹೇಳಿದ್ದು ಸುಳ್ಳು — ಸುಳ್ಳೆಂದು ಗೊತ್ತಿದ್ದೇ ಹೇಳಿದ್ದು, ಅದರಿಂದ ಯಾರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆ ಎಂದು ಗೊತ್ತಿದ್ದೇ ಹೇಳಿದ್ದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮಾತನ್ನು ಸುತ್ತಿ ಬಳಸಿ ಎಲ್ಲಿಗೋ ಕರೆದುಕೊಂಡು ಹೋಗುವುದು ನನಗೆ ಚೆನ್ನಾಗಿ ಬರುತ್ತದೆ. ಅದೇ ನನ್ನ ಕಸುಬಾಗಿತ್ತು.

ಮುಂಬೈ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನಮ್ಮದು ಒಂದು ಹಾಲ್, ಒಂದು ಬೆಡ್‌ರೂಮಿನ ಮನೆ. ಅಲ್ಲಿಂದಲೇ ವರ್ಷಗಟ್ಟಲೆ ಅಡುಗೆ ಪಾತ್ರೆ ಮಾರಿದೆ. ಅಂಗಡಿಯಿಲ್ಲ — ಹೆಂಗಸರನ್ನು ಮನೆಗೆ ಕರೆಯುವುದು, ಅವರೆದುರೇ ಒಲೆ ಹಚ್ಚುವುದು, ಎಣ್ಣೆ ಹಾಕದೆ ನೀರು ಹಾಕದೆ ಪಲ್ಯ ಬೇಯಿಸಿ ತೋರಿಸುವುದು, ಅವರು ತಿನ್ನುತ್ತಿರುವಾಗಲೇ ಆರ್ಡರ್ ಬರೆಸಿಕೊಳ್ಳುವುದು. ಅದಕ್ಕೆ ಪಾರ್ಟಿ ಎನ್ನುತ್ತಿದ್ದೆವು. ಪಾತ್ರೆ ಕೆಟ್ಟದ್ದಲ್ಲ, ಗಟ್ಟಿ ತಳದ್ದು. ಆದರೆ ಎಣ್ಣೆಯಿಲ್ಲದ ಪಲ್ಯ ಎಷ್ಟೆಂದರೂ ಎಣ್ಣೆಯಿಲ್ಲದ ಪಲ್ಯವೇ ತಾನೆ. ಎಂಟು-ಹತ್ತು ಜನರಿದ್ದರೆ ನನ್ನ ಬಾಯಿಮಾತಿನಲ್ಲೇ ಅದಕ್ಕೊಂದಿಷ್ಟು ರುಚಿ ಹತ್ತುತ್ತಿತ್ತು.

ಆ ಸಲ ಮಾತ್ರ ನನಗೆ ಆಸೆ ಹೆಚ್ಚಾಯಿತು. ನಮ್ಮ ಭಜನಾ ಮಂಡಳಿಯವರು, ಪಕ್ಕದ ಊರುಗಳಾದ ಕಲ್ಯಾಣ, ಠಾಣೆಗಳ ಕನ್ನಡದವರು, ಅವರ ನೆಂಟರು — ಯಾರನ್ನೂ ಬಿಡದೆ ಕರೆದೆ. ಸೋಫಾವನ್ನು ಮೆಟ್ಟಿಲ ಬಳಿ ಇಟ್ಟು, ಎದುರು ಮನೆಯವರ ಬಾಗಿಲನ್ನೂ ತೆಗೆಸಿ, ಲಿಫ್ಟಿನವರೆಗೆ ಚಾಪೆ ಹಾಸಿದೆ. ಕರೆದದ್ದೇನೋ ಕರೆದೆ, ಅಷ್ಟು ಬಾಯಿಗೆ ನನ್ನ ಮೂರು ಡೆಮೊ ಪಾತ್ರೆಯಲ್ಲಿ ಏನು ಬೇಯಿಸಲಿ? ಆಗ ನೆನಪಾದವಳು ಗಿರಿಜಾ.

ಗಿರಿಜಾ ಉಡುಪಿ ಕಡೆಯವಳು, ಭಜನೆಯಲ್ಲಿ ಪರಿಚಯವಾದವಳು. ಗಂಡ ಉಲ್ಹಾಸನಗರದ ಒಂದು ಹೋಟೆಲಿನಲ್ಲಿದ್ದ, ಕಾಮಾಲೆಯಾಗಿ ತೀರಿಹೋದ. ಸ್ಟೇಷನ್ನಿನ ಆಚೆ, ವಠಾರದಂಥ ಚಾಳಿನಲ್ಲಿ ಒಂದೇ ಕೋಣೆ. ಶಾಲೆಗೆ ಹೋಗುವ ಮಗಳು ಅಶ್ವಿನಿ. ಸಣ್ಣ ಪಾರ್ಟಿಗಳಿಗೆ ತರಕಾರಿ ಹೆಚ್ಚಲು, ಪಾತ್ರೆ ತೊಳೆಯಲು ಬರುತ್ತಿದ್ದಳು. ಆದರೆ ಅವಳ ಕೈಗುಣ — ಅಯ್ಯೋ, ಅದನ್ನು ಹೇಗೆ ಹೇಳಲಿ! ನೀರಿನಂಥ ಸಾರನ್ನೂ ಊಟ ಮುಗಿದ ಮೇಲೆ ಬೆರಳು ಮೂಸಿ ನೋಡುವ ಹಾಗೆ ಮಾಡುತ್ತಿದ್ದಳು.

ಅವಳನ್ನು ಒಪ್ಪಿಸಲು ನಾನೊಂದು ಆಸೆ ತೋರಿಸಿದೆ. ಪ್ರೇಮಕ್ಕ ಎಂಬವರ ಗಂಡನಿಗೆ ಬೇಲಾಪುರದ ಆಫೀಸುಗಳ ನಡುವೆ ಕ್ಯಾಂಟೀನು. ಅಡುಗೆಗೆ ಒಬ್ಬ ಹೆಂಗಸು ಬೇಕೆಂದು ಅವರು ಹುಡುಕುತ್ತಿದ್ದರು. ಕ್ಯಾಂಟೀನಿನ ಹಿಂದೆಯೇ ಇರಲು ರೂಮು, ಹತ್ತಿರದಲ್ಲೇ ಶಾಲೆ.

“ಪ್ರೇಮಕ್ಕನೂ ಬರ್ತಾರೆ,” ಎಂದೆ. “ನಿನ್ನ ಕೈರುಚಿ ನೋಡಲಿ. ಉಂಡ ಮೇಲೆ ನಾನೇ ನಿನ್ನ ಹೆಸರು ಹೇಳ್ತೇನೆ.”

“ನಿಜಕ್ಕೂ ಹೇಳ್ತೀರಾ ಅಕ್ಕ?”

“ಹೇಳದೆ ಮತ್ತೆ? ನಿನ್ನದಲ್ಲದೆ ಇನ್ಯಾರ ಹೆಸರು ಹೇಳಲಿ ಮಾರಾಯ್ತಿ.”

ಅವಳು ಬೆಳಕು ಹರಿಯುವ ಮೊದಲೇ ಬಂದಳು. ಎದುರು ಮನೆಯ ದೊಡ್ಡ ಅಲ್ಯೂಮಿನಿಯಂ ತಪ್ಪಲೆಗಳಲ್ಲಿ ಕಡಲೆ-ತೊಂಡೆಕಾಯಿ ಗಸಿಯನ್ನೂ ಬದನೆಕಾಯಿ ಹುಳಿಯನ್ನೂ ಮಾಡಿದಳು. ತೆಂಗಿನೆಣ್ಣೆಯನ್ನು ಕೈ ಬಿಚ್ಚಿ ಹಾಕಿದಳು, ಕೊತ್ತಂಬರಿ ಬೀಜವನ್ನು ಮೂಗಿನಿಂದಲೇ ಅಳೆದು ಹುರಿದಳು. ಆಮೇಲೆ ಅದನ್ನೆಲ್ಲ ನಾವಿಬ್ಬರೂ ಸೇರಿ, ಮಾರಲು ತರಿಸಿಟ್ಟಿದ್ದ ಕಂಪನಿಯ ಪಾತ್ರೆಗಳಿಗೆ ತುಂಬಿಸಿ ಒಳಗೆ ಮುಚ್ಚಿಟ್ಟೆವು. ಹೊರಗೆ ಹಾಲ್‌ನಲ್ಲಿ ನಾನು ಹಸಿ ತೊಂಡೆಕಾಯಿಯನ್ನು ಎಲ್ಲರಿಗೂ ತೋರಿಸಿ, ಮುಚ್ಚಳ ಹಾಕಿ, ಕ್ಯಾನ್ಸರು-ಕೊಲೆಸ್ಟ್ರಾಲು ಎಂದೆಲ್ಲ ಹೆದರಿಸಿ, ಕೊನೆಗೆ ‘ಒಳಗೆ ಇದೇ ಥರ ಮಾಡಿಟ್ಟದ್ದು’ ಎಂದು ಅವಳ ಅಡುಗೆಯನ್ನು ಹೊರಗೆ ತರಿಸಿ ಬಡಿಸಿದೆ. ಒಂದು ತೊಟ್ಟು ಎಣ್ಣೆಯಿಲ್ಲ ಎಂದೆ. ಇದು ಮೊದಲ ಸುಳ್ಳು, ಇದರ ಲೆಕ್ಕ ಬೇರೆ.

ಬಾಯಿಗೆ ಇಟ್ಟವರೆಲ್ಲ ಮತ್ತೆ ತಟ್ಟೆ ಚಾಚಿದರು. ಧಾರವಾಡದ ಕಡೆಯ ಒಬ್ಬರು, “ಎಣ್ಣೀನ ಇಲ್ಲಂದ್ರ ಇಷ್ಟು ಛಲೋ ಆಗ್ತದೇನ್ರಿ? ನನಗೊಂದು ಸೆಟ್ ಬರ್ಕೊಳ್ರಿ!” ಎಂದು ಕೂಗಿದರು. ಮದುವೆ ಪಂಕ್ತಿಯ ಗದ್ದಲದ ಹಾಗೆ ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ನನಗೆ ತಲೆಯೇ ತಿರುಗಿತು.

ಆಗ ಪ್ರೇಮಕ್ಕ ತಟ್ಟೆ ಕೆಳಗಿಟ್ಟು ಕೇಳಿದರು, “ವಸಂತಿ, ನಿಜ ಹೇಳು. ಇದು ಮಾಡಿದ್ದು ಯಾರು? ನಮ್ಮ ಕ್ಯಾಂಟೀನಿಗೆ ಇಂಥದೇ ಒಂದು ಕೈ ಬೇಕು.”

ಎಲ್ಲರೂ ನನ್ನನ್ನೇ ನೋಡಿದರು. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು — ಮುಖದಲ್ಲಿ ಆಗಲೇ ಒಂದು ನಗು, ಹೆಸರು ಕರೆದ ಕೂಡಲೇ ಮುಂದೆ ಬರಲು ಸಿದ್ಧವಾದ ನಗು.

ಒಂದು ಹೆಸರು ಹೇಳಬೇಕಿತ್ತು. ಆದರೆ ಅದನ್ನು ಹೇಳಿದರೆ ಪಾತ್ರೆಯ ಮಹಿಮೆ ಅಲ್ಲಿಗೆ ಮುಗಿಯುತ್ತಿತ್ತು. ಕೈರುಚಿಯಾದರೆ ಪಾತ್ರೆ ಯಾಕೆ ಕೊಳ್ಳಬೇಕು —

“ಕೈಯೂ ಇಲ್ಲ, ಎಂಥದೂ ಇಲ್ಲ ಪ್ರೇಮಕ್ಕ,” ಎಂದೆ. “ಎಲ್ಲ ಈ ಪಾತ್ರೆಯದ್ದೇ ಕೆಲಸ.”

“ಮತ್ತೆ ಅವರು?” ಎಂದು ಯಾರೋ ಗಿರಿಜಾಳತ್ತ ಕೈ ತೋರಿಸಿದರು.

“ಅವಳಾ? ಅವಳು ಪಾತ್ರೆ ತೊಳೀಲಿಕ್ಕೆ ಬಂದವಳು. ಅವಳ ಕೈಗೆ ಕೊಟ್ರೂ ಇದೇ ರುಚಿ ಬರ್ತದೆ. ಅದೇ ಇದರ ಗಮ್ಮತ್ತು!”

ಎಲ್ಲರೂ ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಗಿರಿಜಾ ಕೂಡ ನಕ್ಕಳು — ಅದನ್ನು ನಾನು ಮರೆತಿಲ್ಲ. ನಕ್ಕು, ಒಳಗೆ ಹೋಗಿ, ನಿಜವಾಗಿಯೂ ಪಾತ್ರೆ ತೊಳೆಯಲು ಕುಳಿತಳು. ಅಂದು ಬಂದಷ್ಟು ಆರ್ಡರ್ ನನಗೆ ಮುಂದೆಂದೂ ಬರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಒಂದೇ ಮಾತು ಕೇಳಿದಳು. “ಅಕ್ಕ, ನೀವು ಹೇಳಿದ್ದು ವ್ಯಾಪಾರಕ್ಕೆ ಅಲ್ವಾ? ಪರವಾಗಿಲ್ಲ. ಪ್ರೇಮಕ್ಕನಿಗೆ ಆಮೇಲೆ ಒಂದು ಫೋನು ಮಾಡ್ತೀರಲ್ಲ?”

ಮಾಡುತ್ತೇನೆ ಎಂದೆ. ಒಂದು ಚಿಕ್ಕ ಪಾತ್ರೆಯನ್ನು ಅವಳ ಕೈಗಿಟ್ಟೆ, ಉಡುಗೊರೆಯೆಂದು. ಉಡುಗೊರೆಯಂತೆ! ಬಾಯಿ ಮುಚ್ಚಿಸಲು ಕೊಟ್ಟದ್ದು ಅದು. ಆ ಪಾಪದವಳು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡಳು.

ಫೋನು ಮಾಡಲಿಲ್ಲ. ಇದೇ ನಿಜವಾದ ತಪ್ಪು ಎಂದು ಈಗ ಅನ್ನಿಸುತ್ತದೆ. ಜನರೆದುರು ಹೇಳಿದ್ದು ಆಸೆಬುರುಕಿಯ ಮಾತು ಎನ್ನೋಣ — ಆದರೆ ಮರುದಿನ? ಅದರ ಮರುವಾರ? ಪ್ರೇಮಕ್ಕನಿಗೆ ಗೊತ್ತಾದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಆರ್ಡರುಗಳು ವಾಪಸಾಗುತ್ತವೆ, ಮುಖವೆತ್ತಿ ತಿರುಗುವುದು ಹೇಗೆ ಎಂದು ಮುಂದೂಡಿದೆ. ಗಿರಿಜಾ ಭಜನೆಯಲ್ಲಿ ಸಿಕ್ಕಾಗಲೆಲ್ಲ ಕಣ್ಣಿನಲ್ಲೇ ಕೇಳುತ್ತಿದ್ದಳು. ಕೊನೆಗೊಂದು ದಿನ, “ಅವರಿಗೆ ಬೇರೆ ಯಾರೋ ಸಿಕ್ಕಿದ್ರಂತೆ ಮಾರಾಯ್ತಿ,” ಎಂದುಬಿಟ್ಟೆ. ಸಿಕ್ಕಿರಲಿಲ್ಲ. ಆ ಜಾಗ ಆಗಲೂ ಖಾಲಿಯೇ ಇತ್ತು.

“ಇರಲಿ ಅಕ್ಕ, ನೀವು ಕೇಳಿ ನೋಡಿದ್ರಲ್ಲ,” ಎಂದಳು. ನಾನು ಉಪಕಾರ ಮಾಡಿದೆನೆಂಬಂತೆ ಹೇಳಿದಳು!

ಆಮೇಲೆ ಅವಳು ಠಾಣೆಯ ಒಂದು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ ಕೆಲಸ ಹಿಡಿದಳು. ದಿನಾ ಬೆಳಗಿನ ಲೋಕಲ್ ರೈಲು. ಡೊಂಬಿವಲಿಯಲ್ಲಿ ಆ ಹೊತ್ತಿಗೆ ಗಾಡಿ ಹತ್ತಿದವರಿಗಷ್ಟೇ ಗೊತ್ತು ಆ ನೂಕುನುಗ್ಗಲು — ಒಳಗೆ ಕಾಲಿಡಲು ಜಾಗವಿಲ್ಲ, ಬಿಟ್ಟರೆ ಕೆಲಸಕ್ಕೆ ತಡ. ಮಳೆಗಾಲದ ಒಂದು ಬೆಳಗ್ಗೆ ಅವಳು ಬಾಗಿಲಲ್ಲೇ ನಿಂತಿದ್ದಳಂತೆ. ದಿವಾ ಸ್ಟೇಷನ್ ದಾಟಿದ ಮೇಲೆ, ಗಾಡಿ ತಿರುವಿನಲ್ಲಿ ವಾಲಿದಾಗ, ಒದ್ದೆ ಕಂಬಿಯಿಂದ ಕೈ ಜಾರಿತು.

ಆ ಕೈ.

ನಾನು ಸಾವಿನ ಮನೆಗೆ ಹೋದೆ, ಎಲ್ಲರಿಗಿಂತ ಜೋರಾಗಿ ಅತ್ತೆ. “ಹಣೆಬರಹ,” ಎಂದರು ಎಲ್ಲರೂ. ಹೌದೆಂದು ತಲೆಯಾಡಿಸಿದೆ. ಬೇಲಾಪುರದ ರೂಮಿನಲ್ಲಿದ್ದರೆ ಅವಳಿಗೆ ಆ ಗಾಡಿಯೇ ಬೇಕಿರಲಿಲ್ಲ ಎಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವಳನ್ನು ನಾನು ದೂಡಲಿಲ್ಲ, ನಿಜ. ಆದರೆ ಆ ಬಾಗಿಲಿನವರೆಗೆ ಕರೆತಂದು ನಿಲ್ಲಿಸಿದವಳು ಯಾರು —

ಅಶ್ವಿನಿಯನ್ನು ಉಲ್ಹಾಸನಗರದ ಚಿಕ್ಕಮ್ಮ ಸಾಕಿದಳು. ಹುಡುಗಿ ಈಗ ಠಾಣೆಯಲ್ಲಿ ಕೆಲಸದಲ್ಲಿದ್ದಾಳೆ. ಅದೇ ಲೈನಿನಲ್ಲಿ, ಅದೇ ತಿರುವು ದಾಟಿ ಹೋಗುತ್ತಾಳೆ. ಹಬ್ಬಕ್ಕೆ ತಪ್ಪದೆ ಬಂದು ನನ್ನ ಕಾಲು ಮುಟ್ಟುತ್ತಾಳೆ. ಅಮ್ಮನಿಗೆ ಕೆಲಸ ಹುಡುಕಿಕೊಡಲು ಓಡಾಡಿದ ಆಂಟಿ ನಾನು, ಅವಳ ಲೆಕ್ಕದಲ್ಲಿ. ಪ್ರತಿ ಸಲವೂ ಕಾಲು ಹಿಂದೆ ತೆಗೆಯಬೇಕೆನ್ನಿಸುತ್ತದೆ, ತೆಗೆಯುವುದಿಲ್ಲ.

ಮುಂದಿನ ತಿಂಗಳು ಅವಳ ಮದುವೆ. ಮೊನ್ನೆ ಬಂದವಳು ಚೀಲದಿಂದ ಆ ಚಿಕ್ಕ ಪಾತ್ರೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ಉಜ್ಜಿ ಉಜ್ಜಿ ಕನ್ನಡಿಯಾಗಿದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಯಾವಾಗಲೂ ಹಿಂದಿಯಲ್ಲೇ.

“ಆಂಟಿ, ಇಸ್‌ಮೇ ಮಮ್ಮಿ ಜೈಸಾ ನಹೀ ಬನ್ತಾ ಅಬ್,” ಎಂದಳು. ಇದರಲ್ಲಿ ಈಗ ಅಮ್ಮನ ಹಾಗೆ ಆಗುವುದಿಲ್ಲವಂತೆ. ಪಾತ್ರೆ ಹಳೆಯದಾಗಿರಬೇಕು, ಅದೇ ಕಂಪನಿಯ ಹೊಸದು ಸಿಗುತ್ತದೆಯೇ ಎಂದು ಕೇಳಿದಳು. “ಮಮ್ಮಿ ಬೋಲ್ತೀ ಥೀ, ಮೈ ಕುಛ್ ನಹೀ ಕರ್ತೀ, ಸಬ್ ಯೇ ಪಾತ್ರೆ ಕರ್ತಾ ಹೈ.”

ನಾನೇನೂ ಮಾಡುವುದಿಲ್ಲ, ಎಲ್ಲ ಪಾತ್ರೆಯೇ ಮಾಡುತ್ತದೆ — ಗಿರಿಜಾ, ಇದನ್ನು ನೀನು ಮಗಳಿಗೆ ಹೇಳಿದೆಯಾ! ತಮಾಷೆಗೆ ಹೇಳಿದೆಯೋ, ನನ್ನ ಮಾನ ಕಾಯಲೆಂದು ಹೇಳಿದೆಯೋ, ಅಥವಾ ಅಷ್ಟು ಜನ ನಕ್ಕ ಮೇಲೆ ನಿನಗೇ ಹಾಗೆ ಅನ್ನಿಸಿತೋ... ಕೇಳೋಣವೆಂದರೆ ನೀನಿಲ್ಲ. ನಿನ್ನಿಂದ ನಾನು ಕಸಿದದ್ದು ಒಂದು ಕೆಲಸ ಎಂದುಕೊಂಡಿದ್ದೆ. ನಿನ್ನ ಮಗಳಿಂದ ಅಮ್ಮನ ಕೈರುಚಿಯನ್ನೇ ಕಸಿದಿದ್ದೇನೆ. ಅವಳು ಅದನ್ನು ಸ್ಟೀಲಿನಲ್ಲಿ ಹುಡುಕುತ್ತಿದ್ದಾಳೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದರಲ್ಲೂ ನನ್ನ ಹೇಡಿತನವಿದೆ. ಅಶ್ವಿನಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಬರೆದು ಮುಚ್ಚಿಟ್ಟು ನಾನು ಹಗುರಾಗಿ ಮಲಗಬಹುದು. ಹಾಗೆ ಮಾಡುವುದಿಲ್ಲ. ಭಾನುವಾರ ಹೊಸ ಪಾತ್ರೆಯ ಆಸೆಯಲ್ಲಿ ಅವಳು ಬರುತ್ತಾಳೆ. ಅವಳನ್ನು ಎದುರು ಕೂರಿಸಿಕೊಂಡು ಇದನ್ನು ಓದಿ ಹೇಳುತ್ತೇನೆ, ಒಂದು ಸಾಲೂ ಬಿಡದೆ. ಅವಳು ಎದ್ದು ಹೋದರೆ ತಡೆಯುವುದಿಲ್ಲ. ಮದುವೆಗೆ ಬರಬೇಡ ಎಂದರೆ ಹೋಗುವುದಿಲ್ಲ. ಅಂದು ಅಷ್ಟು ಜನರೆದುರು ನಾನು ಹೇಳದೆ ಉಳಿಸಿಕೊಂಡ ಹೆಸರನ್ನು ಅವಳೊಬ್ಬಳಾದರೂ ನನ್ನ ಬಾಯಿಂದಲೇ ಕೇಳಬೇಕು: ನಿನ್ನ ಅಮ್ಮ ಮಾಡಿದ್ದು ಮಗಳೇ, ನಿನ್ನ ಅಮ್ಮನೇ.