ವೈಪೊ ಮಾಡಿದ ಬಾಣಂತನ

ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಮನೆಗೆ ಬಂದ ಮಧ್ಯಾಹ್ನ, ಮುಖಪರಿಚಯವೂ ಇಲ್ಲದ ಹಿರಿಯ ಹೆಂಗಸೊಬ್ಬರು ನನ್ನ ಮಲಗುವ ಕೋಣೆಗೆ ನುಗ್ಗಿ ಏಸಿ ಆರಿಸಿದರು. ನನ್ನ ಕೈಯಲ್ಲಿದ್ದ ತಣ್ಣೀರಿನ ಬಾಟಲಿ ಕಿತ್ತುಕೊಂಡರು. ಆಮೇಲೆ ಜೇಬಿನಿಂದ ಉಣ್ಣೆಯ ಟೊಪ್ಪಿ ತೆಗೆದು, ಕಿವಿ ಮುಚ್ಚುವ ಹಾಗೆ ನನ್ನ ತಲೆಗೆ ಹಾಕಿದರು. ಹೊರಗೆ ದುಬೈಯ ಆಗಸ್ಟ್ ಬಿಸಿಲು. ನಾನು ಗಂಡನ ಮುಖ ನೋಡಿದೆ. ಅವರು ಬಾಗಿಲಲ್ಲಿ ನಿಂತಿದ್ದ ಪಕ್ಕದ ಫ್ಲ್ಯಾಟಿನ ಲಿನ್ ಮುಖ ನೋಡಿದರು.

“ನನ್ನ ಅಮ್ಮ,” ಎಂದಳು ಲಿನ್ ಇಂಗ್ಲಿಷಿನಲ್ಲಿ, ನಾಚಿಕೊಂಡು. “ನಿನ್ನ ಅಮ್ಮ ಬರಲಿಲ್ಲ ಅಂತ ಇವರಿಗೆ ಹೇಳಿದೆ. ಅದಕ್ಕೇ ಬಂದಿದ್ದಾರೆ. ತಡೆದರೂ ಕೇಳುವವರಲ್ಲ.”

ಇದು ದುಬೈ ಮರೀನಾದಲ್ಲಿ ಟ್ರಾಮ್ ಶುರುವಾದ ಮರುವರ್ಷದ ಮಾತು. ನಾವು ಡಿಸ್ಕವರಿ ಗಾರ್ಡನ್ಸ್ ಎಂಬ ಬಡಾವಣೆಯಲ್ಲಿದ್ದೆವು. ಹೆರಿಗೆಗೆ ಅಮ್ಮ ಬ್ರಹ್ಮಾವರದಿಂದ ಬರುವುದೆಂದು ವಿಸಾ, ಟಿಕೆಟ್ ಎಲ್ಲ ಆಗಿತ್ತು. ಹೊರಡುವ ವಾರವೇ ಅಪ್ಪ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಅವರನ್ನು ಬಿಟ್ಟು ಅಮ್ಮ ಹೇಗೆ ಬರುವುದು? ಊರಿನಲ್ಲಾದರೆ ಅಮ್ಮ ಇಲ್ಲದಿದ್ದರೆ ಚಿಕ್ಕಮ್ಮ, ಚಿಕ್ಕಮ್ಮನೂ ಇಲ್ಲದಿದ್ದರೆ ನೆರೆಮನೆಯವರಾದರೂ ಬಂದು ಬಾಣಂತಿಯನ್ನು ಮೀಯಿಸಿ ಹೋಗುತ್ತಾರೆ. ಇಲ್ಲಿ ಎದುರು ಮನೆಯ ಬಾಗಿಲು ತೆರೆದದ್ದನ್ನೇ ನಾನು ಕಂಡವಳಲ್ಲ. ಗಂಡನಿಗೆ ಸಿಕ್ಕಿದ್ದು ಎರಡು ಮೂರು ದಿನದ ರಜೆ. ಎದೆಹಾಲು ಸಾಲುತ್ತಿರಲಿಲ್ಲ, ಮಗು ಅಳುತ್ತಿತ್ತು, ಜೊತೆಗೆ ನಾನೂ. ಈ ಕೂಸನ್ನು ಒಬ್ಬಳೇ ಹೇಗೆ ಸಾಕಲಿ ಎಂಬ ಹೆದರಿಕೆ ಎದೆಯಲ್ಲಿ ಕೂತುಬಿಟ್ಟಿತ್ತು.

ಲಿನ್‌ಗೆ ನನಗಿಂತ ಸ್ವಲ್ಪ ಮೊದಲೇ ಗಂಡು ಮಗುವಾಗಿತ್ತು. ಅವಳ ಬಾಣಂತನಕ್ಕೆಂದು ಚೀನಾದ ಕರಾವಳಿಯ ಫುಜಿಯನ್‌ನಿಂದ ಬಂದವರು ಈ ತಾಯಿ. ಅಮ್ಮನ ಅಮ್ಮನನ್ನು ಅವರಲ್ಲಿ ‘ವೈಪೊ’ ಎನ್ನುತ್ತಾರಂತೆ. ನನ್ನ ಮಗಳ ಪರವಾಗಿ ನಾನೂ ಹಾಗೆಯೇ ಕರೆದೆ. ಬಾಣಂತನಕ್ಕೆ ಅವರ ಹೆಸರು ‘ಝುವೊ ಯುಏಝ’, ಅಂದರೆ ತಿಂಗಳು ಕೂರುವುದು. ಬಹಳ ಹಳೆಯ ಗ್ರಂಥಗಳ ಕಾಲದಿಂದ ಬಂದ ಪದ್ಧತಿ ಎಂದಳು ಲಿನ್. ಹೆತ್ತವಳ ಮೈಯಿಂದ ಬಿಸಿಯೆಲ್ಲ ಹೋಗಿರುತ್ತದೆ, ಆಗ ಗಾಳಿ ಹೊಕ್ಕರೆ ಮುಪ್ಪಿನಲ್ಲಿ ಸಂದುನೋವು. ನನಗೆ ನಗು ಬಂತು. ನಮ್ಮಜ್ಜಿಯೂ ಇದೇ ಕಾರಣ ಹೇಳಿ ಬಾಣಂತಿಯರ ಕಿವಿಗೆ ಹತ್ತಿ ಇಡುತ್ತಿದ್ದರು. ವೈಪೊ ತಂದ ಕಷಾಯದಲ್ಲಿದ್ದದ್ದೂ ಶುಂಠಿಯೇ, ಜೊತೆಗೆ ನಮ್ಮ ಬೆಲ್ಲದ್ದೇ ರುಚಿಯ ಕೆಂಪು ಸಕ್ಕರೆ.

ಜಗಳ ಬಂದದ್ದು ಸ್ನಾನಕ್ಕೆ. ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು. ಅವರಲ್ಲಿ ತಿಂಗಳಿಡೀ ತಲೆಗೆ ನೀರು ಮುಟ್ಟಿಸುವ ಹಾಗಿಲ್ಲ. ಕಡಿದು ಕಡಿದು ಬರುವ ವಿಡಿಯೊ ಕಾಲ್‌ನಲ್ಲಿ ಅಮ್ಮ ಸಿಕ್ಕಿದಾಗ ಪಂಚಾಯ್ತಿಕೆ ಶುರುವಾಯಿತು.

“ಸ್ನಾನ ಇಲ್ಲದ ಬಾಣಂತನ ಉಂಟಾ? ಮೈಕೈ ನೋವು ಹೋಗುದು ಹೇಗೆ ಅಂತ ಕೇಳು ಅವರತ್ರ,” ಎಂದರು ಅಮ್ಮ.

ನಾನು ಇಂಗ್ಲಿಷಿನಲ್ಲಿ ಲಿನ್‌ಗೆ ಹೇಳಿದೆ, ಲಿನ್ ಚೀನಿಯಲ್ಲಿ ತಾಯಿಗೆ. ಉತ್ತರ ಅದೇ ದಾರಿಯಲ್ಲಿ ಮರಳಿತು: ಒದ್ದೆ ತಲೆಗೆ ಗಾಳಿ ಬಡಿದರೆ ಜೀವಮಾನವಿಡೀ ತಲೆನೋವು.

“ಬಚ್ಚಲಿನ ಬಾಗಿಲು ಹಾಕ್ಲಿಕ್ಕೆ ಆಗುದಿಲ್ವಾ? ಬರೀ ನೀರಲ್ಲ, ನೆಕ್ಕಿ ಸೊಪ್ಪು ಹಾಕಿ ಕುದಿಸಿದ್ದು ಅಂತ ಹೇಳು ಮಾರಾಯ್ತಿ.”

ಸೊಪ್ಪು ಹಾಕಿ ಕುದಿಸುವ ಮಾತು ತಲುಪಿದ್ದೇ ವೈಪೊ ತಲೆಯೆತ್ತಿದರು. ಅವರ ಊರಲ್ಲೂ ಶುಂಠಿ ಹಾಕಿ ಕುದಿಸಿದ ನೀರಿನಲ್ಲಿ ಬಾಣಂತಿಯ ಮೈ ಒರೆಸುವುದುಂಟಂತೆ. ಕೊನೆಗೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರು. ಶುಂಠಿ ನೀರಿನ ಸ್ನಾನ, ಆದರೆ ತಲೆಗೆ ಇಲ್ಲ.

ಮರುದಿನ ವೈಪೊ ಬಚ್ಚಲಿನ ಬಾಗಿಲ ಸಂದಿಗೆ ಟವೆಲ್ ತುರುಕಿ, ಎಕ್ಸಾಸ್ಟ್ ಫ್ಯಾನಿಗೆ ಪ್ಲಾಸ್ಟಿಕ್ ಅಂಟಿಸಿ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಹೊಯ್ದರು. ಗಟ್ಟಿ ಕೈಯಿಂದ ಬೆನ್ನು ತಿಕ್ಕಿದರು. ಹೆರಿಗೆಯಾದಾಗಿನಿಂದ ಎಲ್ಲರೂ ಮಗುವನ್ನು ಮುಟ್ಟಿ ನೋಡಿದವರೇ. ನನ್ನನ್ನು ಹೀಗೆ ಯಾರೂ ಮುಟ್ಟಿರಲಿಲ್ಲ. ಅಮ್ಮ ಬೇಕೆನಿಸಿ ಅತ್ತುಬಿಟ್ಟೆ. ವೈಪೊ ಏನೋ ಗದರಿದರು. ತಿಂಗಳು ಕೂತವಳು ಅತ್ತರೆ ಕಣ್ಣು ಕೆಡುತ್ತದೆಂದು ಅದರ ಅರ್ಥವಂತೆ.

ದೇರಾದ ಮಾರುಕಟ್ಟೆಯಿಂದ ಗಂಡ ತಂದ ಮೀನಿಗೆ ಪಪ್ಪಾಯಿ ಹಾಕಿ ಅವರು ಬಿಳಿ ಸಾರು ಮಾಡಿಕೊಟ್ಟರು. ಪಪ್ಪಾಯಿ ಎಂದರೆ ಅಮ್ಮ ಹೌಹಾರಿಯಾರೆಂದು ಆ ಸುದ್ದಿಯನ್ನು ಊರಿಗೆ ಮುಟ್ಟಿಸಲಿಲ್ಲ. ಕೆಲವೇ ದಿನಗಳಲ್ಲಿ ಮಗಳು ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆ ಹೋದಳು. ಸಾರಿನಿಂದಲೋ, ನನ್ನ ಹೆದರಿಕೆ ಹೋದದ್ದರಿಂದಲೋ ಗೊತ್ತಿಲ್ಲ. ಮಗುವಿಗೆ ತಿಂಗಳು ತುಂಬಿದಾಗ ಮೊಟ್ಟೆಗೆ ಕೆಂಪು ಬಣ್ಣ ಹಚ್ಚಿ ಹಂಚುವುದು ಅವರ ಸಂಪ್ರದಾಯ. ಮೊಮ್ಮಗನ ಮೊಟ್ಟೆ ಹಂಚಿಯಾದ ಮೇಲೆ ನನ್ನ ಮಗಳ ಹೆಸರಿನಲ್ಲೂ ನಮ್ಮ ಮಹಡಿಯ ಮನೆಮನೆಗೆ ಕೊಟ್ಟು ಬಂದರು. ಆಮೇಲೆ ವಿಸಾ ಮುಗಿದು ಹೊರಟುಹೋದರು. ಆ ವಾರವೆಲ್ಲ ಲಿನ್ ಮತ್ತು ನಾನು ಒಂದೇ ಮನೆಯಲ್ಲಿ ಕೂತು ಊಟ ಮಾಡಿದೆವು.

ಚಳಿಗಾಲದಲ್ಲಿ ಊರಿಗೆ ಹೋದೆ. ಮಗು ಆಗಲೇ ಕವುಚಿ ಬೀಳುತ್ತಿತ್ತು. ಈಗೆಂಥ ಬಾಣಂತನ ಎಂದರೂ ಅಮ್ಮ ಕೇಳಲಿಲ್ಲ, ಹಂಡೆಗೆ ಬೆಂಕಿ ಹಾಕಿದರು. ಬೆನ್ನಿಗೆ ಎಣ್ಣೆ ತಿಕ್ಕುತ್ತ ಕೇಳಿದರು.

“ಅವರ ಕೈ ಹೇಗಿತ್ತು?”

“ನಿಮ್ಮದಕ್ಕಿಂತ ಸ್ವಲ್ಪ ಗಟ್ಟಿ.”

ಅಮ್ಮ ತಿಕ್ಕುವುದು ಜೋರಾಯಿತು. ದುಬೈಯಲ್ಲಿ ಈ ಕೈಗಾಗಿ ಅತ್ತಿದ್ದೆ. ಈಗ ಇದೇ ಕೈ ಮೈಮೇಲಿರುವಾಗ ಆ ಇನ್ನೊಂದು ಕೈ ಬೇಕೆನಿಸಿ ಕಣ್ಣು ತುಂಬಿತು.

“ಎಣ್ಣೆ ಕಣ್ಣಿಗೆ ಹೋಯ್ತಾ?” ಎಂದರು ಅಮ್ಮ.

“ಹೌದು,” ಎಂದೆ.