ಗಿರಿಜಕ್ಕನ ಕಾರ್ಡು, ನನ್ನ ಪ್ಯಾಕೇಜು

ಕ್ಲಾಸ್ ಮುಗಿಸಿ, ಸೈಲೆಂಟ್‌ನಲ್ಲಿದ್ದ ಮೊಬೈಲ್ ತೆಗೆದರೆ ಹದಿನಾಲ್ಕು ಮಿಸ್ಡ್ ಕಾಲ್. ಹದಿನಾಲ್ಕೂ ಗಿರಿಜಕ್ಕನದೇ. ಆಗಲೇ ನಾಲ್ಕೂವರೆ. ಅವರ ಟೆಂಡರ್ ಗಡುವು ನಾಲ್ಕಕ್ಕೇ ಮುಗಿದಿತ್ತು.

ಗಿರಿಜಕ್ಕ ದಾವಣಗೆರೆ ಕಡೆಯವರು. ಮೂಡಲಪಾಳ್ಯದಲ್ಲಿ ಎಂಟು ಹೆಂಗಸರನ್ನು ಕಟ್ಟಿಕೊಂಡು ಶಾಲಾ ಯೂನಿಫಾರ್ಮ್ ಹೊಲಿಸುತ್ತಾರೆ. ಈಗ ಟೆಂಡರ್ ಎಲ್ಲ ಆನ್‌ಲೈನ್ ಆಗುತ್ತಿದೆಯಲ್ಲ, ಪೆನ್ನಿನ ಸಹಿ ನಡೆಯದು. ಚಿಪ್ ಇರುವ ಸ್ಮಾರ್ಟ್ ಕಾರ್ಡ್ ತೂರಿಸಿ, ಪಿನ್ ಒತ್ತಿ, ಡಿಜಿಟಲ್ ಸಹಿ ಹಾಕಬೇಕು.

ಅವರ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವಳು ನಾನೇ. (ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳಿಗೆ ಅಷ್ಟೂ ಜಂಬ ಬೇಡವೇ?) ಕಾರ್ಡಿನ ಮಾತು ಕಂಪ್ಯೂಟರಿಗೆ ತಿಳಿಯಲು ಒಂದು ಸಾಫ್ಟ್‌ವೇರ್ ಲೈಬ್ರರಿ ಬೇಕು. ಅದರ ಸಿದ್ಧ ಪ್ಯಾಕೇಜ್ ಇರಲಿಲ್ಲ. ನಾನೇ ಫೈಲ್‌ಗಳನ್ನು ಕೈಯಾರೆ ತುಂಬಿ, "ಆಯ್ತು ಅಕ್ಕ" ಎಂದು ಕಾಫಿ ಕುಡಿದು ಬಂದಿದ್ದೆ.

ಟೆಂಡರ್ ಗಡುವಿನ ಹಿಂದಿನ ದಿನ ಸಿಸ್ಟಮ್ ಅಪ್‌ಡೇಟ್ ಆಗಿದೆ. ಉಳಿದದ್ದೆಲ್ಲ ಹೊಸದಾಯಿತು, ನಾನು ತುಂಬಿದ್ದು ಮಾತ್ರ ಹಳತಾಗಿಯೇ ಉಳಿಯಿತು. ಕಂಪ್ಯೂಟರಿಗೆ ಕಾರ್ಡ್ ಕಾಣಿಸಲೇ ಇಲ್ಲ, ಸಹಿ ಬೀಳಲಿಲ್ಲ.

ಬೈಸಿಕೊಳ್ಳಲು ಸಿದ್ಧಳಾಗಿಯೇ ಓಡಿದೆ. ಗಿರಿಜಕ್ಕ ಬೈಯಲಿಲ್ಲ. ಹೊಲಿಗೆ ಯಂತ್ರಗಳು ಸುಮ್ಮನಿದ್ದವು. ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ಮೇಡಂ, ನೀವು ಹಾಕಿಕೊಟ್ಟಿದ್ದು ನೀವು ಬಂದ್ರಷ್ಟೇ ನಡೀತದೇನ್ರಿ?" ಎಂದರು ಗಿರಿಜಕ್ಕ.

ಬೈದಿದ್ದರೇ ವಾಸಿ ಇತ್ತು.

"ಹೊಸಾ ಫೈಲ್ ಕಾಪಿ ಮಾಡ್ಕೊಟ್ಟು ಬಾರೇ, ಯಾಕೆ ತಲೆ ಕೆಡಿಸ್ಕೊಳ್ತೀಯ?" ಎಂದಳು ಮರುದಿನ ಕಾಲೇಜಿನಲ್ಲಿ ಸಹೋದ್ಯೋಗಿ ಶೋಭಾ. ಮುಂದಿನ ಅಪ್‌ಡೇಟ್ ಬಂದಾಗ? ಊಹೂಂ. ಪ್ಯಾಕೇಜನ್ನೇ ಮಾಡುತ್ತೇನೆಂದು ಹಟ ಹಿಡಿದೆ. ಯಾವ ಫೈಲ್ ಎಲ್ಲಿ ಕೂರಬೇಕು, ಜೊತೆಗೆ ಇನ್ನೇನೇನು ಬೇಕು ಎಂಬುದನ್ನೆಲ್ಲ ಬರೆದು ಒಂದೇ ಗಂಟಾಗಿ ಕಟ್ಟುವುದು. ಆಮೇಲೆ ಅದು ಸಿಸ್ಟಮ್ ಜೊತೆಗೇ ಹೊಸದಾಗುತ್ತಾ ಹೋಗುತ್ತದೆ.

ಲಿನಕ್ಸ್‌ನ ಅಧಿಕೃತ ಪ್ಯಾಕೇಜ್ ಪಟ್ಟಿಗೆ ಸೇರಿಸಲೆಂದು ಕಟ್ಟಿ ಕಳಿಸಿದೆ. ಲಿನಕ್ಸ್ ತಂಡದ ಪರಿಶೀಲಕರೊಬ್ಬರು ವಾಪಸ್ ಕಳಿಸಿದರು: ಫೈಲ್ ತಪ್ಪು ಜಾಗದಲ್ಲಿದೆ. ತಿದ್ದಿದೆ. ಮತ್ತೆ ವಾಪಸ್. ಮೂರನೆಯ ಸಲ, ಒಂದು ಫೈಲಿಗೆ ಲೈಸೆನ್ಸೇ ಇಲ್ಲ, ಬರೆದವರ ಒಪ್ಪಿಗೆ ತನ್ನಿ ಎಂದರು. ಬರೆದ ಪುಣ್ಯಾತ್ಮ ಯಾವ ದೇಶದವನೋ! ಮೇಲ್ ಮಾಡಿದರೆ ವಿಳಾಸವೇ ಸತ್ತಿತ್ತು. ಲಿನಕ್ಸ್ ಬಳಗದವರ ಮೇಲಿಂಗ್ ಲಿಸ್ಟಿನಲ್ಲಿ ಕಂಡಕಂಡವರನ್ನೆಲ್ಲ ಕೇಳಿದೆ. ಹನ್ನೆರಡನೆಯ ದಿನ ಆತನದೇ ಉತ್ತರ ಬಂತು, ಒಂದೇ ಸಾಲು: ಧಾರಾಳವಾಗಿ ಬಳಸಿ.

ಪ್ಯಾಕೇಜ್ ಸ್ವೀಕಾರವಾದ ವಾರವೇ ಮೂಡಲಪಾಳ್ಯಕ್ಕೆ ಹೋದೆ. ನಾನು ತುಂಬಿದ್ದನ್ನೆಲ್ಲ ಅಳಿಸಿದೆ. ಆಮೇಲೆ ಮೌಸ್ ಮುಟ್ಟಲಿಲ್ಲ.

"ನೀವೇ ಹಾಕಿ ಅಕ್ಕ."

"ನಾನಾ? ಕೆಟ್ಟುಗಿಟ್ಟೀತು!"

"ಕೆಡಲ್ಲ."

ಕನ್ನಡಕ ಏರಿಸಿಕೊಂಡು ಪಟ್ಟಿಯಲ್ಲಿ ಹೆಸರು ಹುಡುಕಿದರು, ಒತ್ತಿದರು. ಕಾರ್ಡ್ ತೂರಿಸಿದರು. ಪಿನ್ ಕೇಳಿತು. (ನಾನು ಮುಖ ತಿರುಗಿಸಿಕೊಂಡೆ, ಬಿಡಿ.) ಸಹಿ ಬಿತ್ತು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಮುಂದಿನ ಟೆಂಡರಿಗೆ ಅವರೇ ಕೂತು ಸಹಿ ಹಾಕಿದರು. ಸಿಕ್ಕಿತಾ ಎಂದು ಕೇಳುತ್ತೀರಿ. ಇಲ್ಲ, ಬೇರೆಯವರ ಪಾಲಾಯಿತು. ನನಗೇ ಬೇಜಾರು. ಗಿರಿಜಕ್ಕ ಮಾತ್ರ ಆಗಲೇ ಅದರ ಮುಂದಿನದಕ್ಕೆ ಬಟ್ಟೆ ಸ್ಯಾಂಪಲ್ ಆರಿಸುತ್ತಿದ್ದರು.

"ಇರ್ಲಿ ಬಿಡ್ರಿ. ಈ ಸಲ ಸ್ಪರ್ಧೆ ಮಾಡಿ ಸೋತೀನಿ."

ಪ್ರತಿ ಸಲ ಇನ್ನೊಬ್ಬರು ನಮ್ಮ ದಾರಿ ಕಾಯುವಂತೆ ಮಾಡುವುದನ್ನು ನಾವು ಸಹಾಯ ಎಂದು ಯಾಕೆ ಕರೆಯುತ್ತೇವೆ?